ಪ್ಲೆಕೊ ಮೀನುಗಳ ಕಲ್ಲು-ಗವಿ ಅಕ್ವೇರಿಯಂ

ದಕ್ಷಿಣ ಅಮೆರಿಕದ ನದಿಗಳ ಬಂಡೆಸಂದುಗಳಲ್ಲಿ ಬದುಕುವ ಪ್ಲೆಕೊ ಕ್ಯಾಟ್‌ಫಿಶ್‌ಗಳನ್ನು ಸಾಕಲು, ಅವುಗಳ ಮೂಲನೆಲೆಯ ಕಲ್ಲು, ಹರಿವು ಮತ್ತು ನೀರಿನ ಗುಣವನ್ನು ಅನುಸರಿಸಿ ರೂಪಿಸುವ ಗಾಜಿನ ತೊಟ್ಟಿಗೆ ಕಲ್ಲು-ಗವಿ ಅಕ್ವೇರಿಯಂ ಎನ್ನಬಹುದು. ಅಲಂಕಾರದ ತೊಟ್ಟಿಯಲ್ಲಿ ಕಲ್ಲು ಇರುವುದು ನೋಡುವವರ ಕಣ್ಣಿಗಾಗಿ. ಇಲ್ಲಿ ಅದು ಮೀನಿನ ಮನೆ. ಎರಡು ಕಲ್ಲುಗಳ ನಡುವಿನ ಸಂದು ಎಷ್ಟು ಅಗಲವಿದೆ, ಎಷ್ಟು ಆಳವಿದೆ, ಅದರೊಳಗೆ ನೀರು ಆಡುತ್ತದೆಯೇ ಎಂಬುದರ ಮೇಲೆ ಮೀನಿನ ನಡವಳಿಕೆ, ಆರೋಗ್ಯ, ಸಂತಾನ ಎಲ್ಲವೂ ನಿಂತಿವೆ. ಆದ್ದರಿಂದ ಈ ವಿನ್ಯಾಸ ಶುರುವಾಗುವುದೇ ಮೀನಿನ ಮೈಯಳತೆಯಿಂದ.

ಮೀನು ಮತ್ತು ಅದರ ಕುಟುಂಬ

ಪ್ಲೆಕೊಗಳು ಲೋರಿಕಾರಿಡೆ ಕುಟುಂಬಕ್ಕೆ ಸೇರಿವೆ. ಕ್ಯಾಟ್‌ಫಿಶ್‌ಗಳಲ್ಲೇ ಅತಿ ದೊಡ್ಡದಾದ ಈ ಕುಟುಂಬದಲ್ಲಿ ಸಾವಿರದಷ್ಟು ಜಾತಿಗಳಿವೆ. ಕೋಸ್ಟರೀಕ, ಪನಾಮಾಗಳಿಂದ ಹಿಡಿದು ದಕ್ಷಿಣ ಅಮೆರಿಕದ ಉಷ್ಣವಲಯದ ಉದ್ದಕ್ಕೂ ಇವು ಹರಡಿವೆ. ನಮ್ಮ ಅಕ್ವೇರಿಯಂ ಅಂಗಡಿಗಳಲ್ಲಿ ‘ಸಕ್ಕರ್ ಫಿಶ್’ ಎಂದು ಮಾರಾಟವಾಗುವುದು ಇದೇ ಕುಟುಂಬದ ಮೀನು. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇದರ ಒಂದು ಜಾತಿಯನ್ನು ಮೊದಲು ವಿವರಿಸಿದಾಗ ಸ್ಟರ್ಜನ್ ಮೀನುಗಳ ಪಂಗಡಕ್ಕೆ ಸೇರಿಸಿದ್ದ. ಅದೇ ಈಗ ಹೈಪೊಸ್ಟೋಮಸ್ ಪ್ಲೆಕೊಸ್ಟೋಮಸ್.

ಈ ಮೀನುಗಳ ಮೈಗೆ ಹುರುಪೆಗಳ ಬದಲು ಮೂಳೆಫಲಕಗಳ ಕವಚವಿದೆ. ಬಾಯಿ ತಲೆಯ ಅಡಿಯಲ್ಲಿದ್ದು, ಹೀರುಬಟ್ಟಲಿನ ಆಕಾರದ ತುಟಿಗಳಿಂದ ಕಲ್ಲಿಗೆ ಅಂಟಿಕೊಳ್ಳುತ್ತದೆ. ರಭಸದ ನೀರಿನಲ್ಲಿ ಕೊಚ್ಚಿಹೋಗದಂತೆ ಹಿಡಿದುಕೊಳ್ಳಲೂ ಕಲ್ಲಿನ ಮೇಲಿನ ಪಾಚಿ, ಲೋಳೆಪೊರೆಗಳನ್ನು ಕೆರೆದು ತಿನ್ನಲೂ ಅದೇ ಬಾಯಿ ಸಾಕು. ಬೆನ್ನಿನ ಮತ್ತು ಎದೆಯ ಈಜುರೆಕ್ಕೆಗಳ ಮುಂದೆ ಗಟ್ಟಿ ಮುಳ್ಳುಗಳಿವೆ. ಅಪಾಯ ಕಂಡಾಗ ಮೀನು ಸಂದಿಗೆ ನುಗ್ಗಿ ಮುಳ್ಳುಗಳನ್ನು ಅಗಲಿಸಿ ಬಿಗಿದು ನಿಲ್ಲುತ್ತದೆ. ಆಗ ಅದನ್ನು ಎಳೆದು ತೆಗೆಯಲು ಸಾಧ್ಯವಿಲ್ಲ, ಎಳೆಯಲೂ ಬಾರದು. ಹೆಚ್ಚಿನ ಜಾತಿಗಳು ಇರುಳಿನಲ್ಲಿ ಚಟುವಟಿಕೆಯಿಂದಿದ್ದು ಹಗಲೆಲ್ಲ ಸಂದಿನಲ್ಲಿ ಅಡಗಿರುತ್ತವೆ. ಕಣ್ಣಿನ ಪಾಪೆಯ ಮೇಲಂಚಿನಿಂದ ಇಳಿಬಿದ್ದ ಒಂದು ಪೊರೆ ಪ್ರಖರ ಬೆಳಕಿನಲ್ಲಿ ಹಿಗ್ಗಿ ಕಣ್ಣಿಗೆ ಮರೆಯಾಗುತ್ತದೆ.

ವೈಜ್ಞಾನಿಕ ಹೆಸರು ದೊರೆಯುವ ಮೊದಲೇ ಹೊಸ ಹೊಸ ಪ್ಲೆಕೊಗಳು ಮಾರುಕಟ್ಟೆಗೆ ಬರತೊಡಗಿದ್ದರಿಂದ ಜರ್ಮನಿಯ ‘ಡಿಎಟಿಝಡ್’ ಪತ್ರಿಕೆ 1988ರಲ್ಲಿ ಎಲ್-ಸಂಖ್ಯೆಗಳ ಪದ್ಧತಿಯನ್ನು ತಂದಿತು. ಎಲ್046 ಎಂದರೆ ಜೀಬ್ರಾ ಪ್ಲೆಕೊ, ಎಲ್018 ಎಂದರೆ ಗೋಲ್ಡ್ ನಗೆಟ್ ಪ್ಲೆಕೊ. ಸಾಕುವವರ ನಡುವೆ ಇಂದಿಗೂ ಈ ಸಂಖ್ಯೆಗಳೇ ಹೆಸರುಗಳಂತೆ ಬಳಕೆಯಲ್ಲಿವೆ.

ಮೂಲನೆಲೆ: ಶಿಂಗು ನದಿ

ಕಲ್ಲು-ಗವಿ ತೊಟ್ಟಿಗಳಿಗೆ ಹೆಚ್ಚಾಗಿ ಮಾದರಿಯಾಗುವುದು ಬ್ರೆಜಿಲ್‌ನ ಪಾರಾ ರಾಜ್ಯದಲ್ಲಿ ಹರಿಯುವ ಶಿಂಗು ನದಿ. ಸುಮಾರು 2,000 ಕಿ.ಮೀ. ಉದ್ದದ ಈ ನದಿ ಅಮೆಜಾನ್ ಸೇರುವ ಮುನ್ನ ಅಲ್ಟಮೀರಾ ಪಟ್ಟಣದ ಕೆಳಗೆ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ವೋಲ್ಟಾ ಗ್ರಾಂಡೆ ಎಂಬ ಈ ಭಾಗದಲ್ಲಿ ನದಿ ನೂರಾರು ಕವಲುಗಳಾಗಿ ಒಡೆದು ಬಂಡೆಗಳ ನಡುವೆ ಧುಮುಕುತ್ತ ಸಾಗುತ್ತದೆ. ಹಂಪಿಯ ಬಳಿ ತುಂಗಭದ್ರೆ ಬಂಡೆಗಳ ನಡುವೆ ಹರಿಯುವುದನ್ನು ಕಂಡವರು ಅದನ್ನೇ ಹಲವು ಪಟ್ಟು ಹಿಗ್ಗಿಸಿ ಊಹಿಸಿಕೊಳ್ಳಬಹುದು. ಇಲ್ಲಿನ ಪ್ರಾಚೀನ ಸ್ಫಟಿಕಶಿಲೆಗಳ ಮೇಲೆ ಕಬ್ಬಿಣ-ಮ್ಯಾಂಗನೀಸ್‌ನ ಕಪ್ಪು ಲೇಪ ಕೂತಿರುತ್ತದೆ. ನೀರು ತಿಳಿ, ಖನಿಜಾಂಶ ಬಹಳ ಕಡಿಮೆ, ಉಷ್ಣತೆ 28ರಿಂದ 31 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮಾರ್ಚ್-ಏಪ್ರಿಲ್‌ನಲ್ಲಿ ಪ್ರವಾಹ ಏರಿ, ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ನೀರು ತಗ್ಗಿ ಬಂಡೆಗಳು ತಲೆಯೆತ್ತುತ್ತವೆ.

ಒಂದೇ ಬಂಡೆರಾಶಿಯಲ್ಲಿ ಬೇರೆ ಬೇರೆ ಪ್ಲೆಕೊಗಳು ಬೇರೆ ಬೇರೆ ಜಾಗ ಹಿಡಿದಿರುತ್ತವೆ. ಗೋಲ್ಡ್ ನಗೆಟ್ ಬಂಡೆಯ ಮೇಲ್ಮೈಯನ್ನು ಮೇಯುತ್ತದೆ. ಪ್ಯಾರಾನ್ಸಿಸ್ಟ್ರಸ್ ಪಂಗಡದ ಮೀನುಗಳು ಮೈ ಚಪ್ಪಟೆಯಾಗಿರುವುದರಿಂದ ತೆಳ್ಳನೆಯ ಬಿರುಕುಗಳಲ್ಲಿ ಇರುತ್ತವೆ. 1991ರಲ್ಲಿ ಇಸ್ಬ್ರೂಕರ್ ಮತ್ತು ನೈಸೆನ್ ಎಂಬ ಡಚ್ ತಜ್ಞರು ಹೈಪಾನ್ಸಿಸ್ಟ್ರಸ್ ಜೀಬ್ರಾ ಎಂದು ಹೆಸರಿಸಿದ, ಕಪ್ಪು-ಬಿಳಿ ಪಟ್ಟೆಗಳ ಪುಟ್ಟ ಮೀನು ಇನ್ನೂ ಆಳದ ಕಿರುಸಂದುಗಳನ್ನು ಆರಿಸಿಕೊಳ್ಳುತ್ತದೆ. ತೊಟ್ಟಿಯಲ್ಲಿ ಹಲವು ಅಳತೆಯ ಸಂದುಗಳನ್ನು ಬಿಡಬೇಕೆನ್ನುವುದಕ್ಕೆ ನದಿಯ ಈ ಹಂಚಿಕೆಯೇ ಆಧಾರ.

ವಿನ್ಯಾಸದ ಹಿನ್ನೆಲೆ

ಜಪಾನಿನ ತಕಾಶಿ ಅಮಾನೊ (1954–2015) ಪ್ರಚಾರಕ್ಕೆ ತಂದ ಇವಾಗುಮಿ ಶೈಲಿಯಲ್ಲಿ ಕಲ್ಲು ಪ್ರಧಾನ. ಬೆಸ ಸಂಖ್ಯೆಯ ಕಲ್ಲುಗಳನ್ನು, ಒಂದನ್ನು ದೊಡ್ಡದಾಗಿಸಿ, ತಗ್ಗಾದ ಸಸ್ಯಗಳ ನಡುವೆ ನಿಲ್ಲಿಸುವ ಆ ಶೈಲಿ ಎದುರಿನಿಂದ ನೋಡುವವರಿಗಾಗಿ ರೂಪುಗೊಂಡದ್ದು. ಆಫ್ರಿಕದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳ ತೊಟ್ಟಿಗಳಲ್ಲೂ ಕಲ್ಲಿನ ರಾಶಿ ಇರುತ್ತದೆ. ಆ ಸರೋವರದ ನೀರು ಗಡಸು, ಕ್ಷಾರೀಯ. ಆದ್ದರಿಂದ ಅಲ್ಲಿ ಸುಣ್ಣಕಲ್ಲನ್ನು ಬೇಕೆಂದೇ ಬಳಸುತ್ತಾರೆ. ಪ್ಲೆಕೊ ತೊಟ್ಟಿ ಇವೆರಡರಿಂದಲೂ ಸ್ವಲ್ಪ ಪಡೆದು ದೂರ ಸರಿದಿದೆ. ಮಲಾವಿ ತೊಟ್ಟಿಯಂತೆ ಇಲ್ಲೂ ಕಲ್ಲು ಪೇರಿಸಬೇಕು, ಆದರೆ ಸುಣ್ಣ ಬಿಡದ ಕಲ್ಲು ಬೇಕು. ಇವಾಗುಮಿಯಂತೆ ಇಲ್ಲೂ ಕಲ್ಲಿನ ಬಣ್ಣ, ಪದರಗಳ ದಿಕ್ಕು ಒಂದೇ ಇದ್ದರೆ ಚೆನ್ನ, ಆದರೆ ಕಲ್ಲಿನ ಮುಖಕ್ಕಿಂತ ಅದರ ಅಡಿಭಾಗಕ್ಕೆ ಬೆಲೆ ಹೆಚ್ಚು.

ಕಲ್ಲಿನ ಆಯ್ಕೆ

ಗ್ರಾನೈಟ್, ನೈಸ್, ಬಸಾಲ್ಟ್, ಬೆಣಚುಕಲ್ಲು, ಸ್ಲೇಟು ಕಲ್ಲು, ಹೊಳೆಯ ಗುಂಡುಕಲ್ಲು ಇವು ನೀರಿನ ಗುಣವನ್ನು ಹೆಚ್ಚುಕಡಿಮೆ ಬದಲಿಸುವುದಿಲ್ಲ. ಸುಣ್ಣಕಲ್ಲು, ಅಮೃತಶಿಲೆ, ಹವಳದ ಚೂರು, ಕಪ್ಪೆಚಿಪ್ಪು ನೀರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಟ್ಟು ಅದನ್ನು ಗಡಸಾಗಿಸುತ್ತವೆ. ಕರ್ನಾಟಕದಲ್ಲಿ ತೊಟ್ಟಿ ಕಟ್ಟುವವರು ಇಲ್ಲಿ ಎಡವುವ ಸಂಭವ ಹೆಚ್ಚು. ಚಪ್ಪಡಿಯಾಗಿ ಸುಲಭಕ್ಕೆ ಸಿಗುವ, ಗೂಡು ಕಟ್ಟಲು ಹೇಳಿ ಮಾಡಿಸಿದಂತಿರುವ ಶಹಾಬಾದ್ ಕಲ್ಲು ಮತ್ತು ಕಡಪ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿಯವು. ಅಕ್ವೇರಿಯಂ ಅಂಗಡಿಗಳ ಸೆಯಿರ್ಯು ಕಲ್ಲು ಕೂಡ ಗಡಸುತನ ಏರಿಸುತ್ತದೆ. ಕರಾವಳಿಯ ಮುರಕಲ್ಲು ಸುಣ್ಣ ಬಿಡುವುದಿಲ್ಲ, ಆದರೆ ಉದುರಿ ನೀರನ್ನು ಕೆಂಪಾಗಿಸುತ್ತದೆ. ಜ್ವಾಲಾಮುಖಿಯ ಲಾವಾ ಕಲ್ಲು ಹಗುರ ಹೌದು, ಆದರೆ ಅದರ ಮೊನಚು ಅಂಚುಗಳು ಮೀನಿನ ಹೊಟ್ಟೆ ತರಚುತ್ತವೆ.

ಪರೀಕ್ಷೆ ಸರಳ. ಒಣಗಿದ ಕಲ್ಲಿನ ಮೇಲೆ ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲದ ಒಂದೆರಡು ಹನಿ ಬಿಡಬೇಕು. ನೊರೆ ಬಂದರೆ ಆ ಕಲ್ಲು ಬೇಡ. ಡಾಲಮೈಟ್ ಬೆರೆತ ಕಲ್ಲುಗಳು ಮೇಲ್ಮೈಯಲ್ಲಿ ಸುಮ್ಮನಿದ್ದು, ಕೆರೆದು ಪುಡಿ ಮಾಡಿದ ಜಾಗದಲ್ಲಿ ಮಾತ್ರ ನೊರೆಗಟ್ಟುತ್ತವೆ. ಆದ್ದರಿಂದ ಮೊಳೆಯಿಂದ ಗೀರಿ ಪರೀಕ್ಷಿಸುವುದು ಲೇಸು. ಕೈಗವಸು, ಕನ್ನಡಕ ಧರಿಸಿ ಬಯಲಿನಲ್ಲೇ ಈ ಕೆಲಸ ಮಾಡಬೇಕು. ವಿನಿಗರ್ ದುರ್ಬಲ ಆಮ್ಲವಾದ್ದರಿಂದ ಅದರ ಪರೀಕ್ಷೆಯನ್ನು ಪೂರ್ತಿ ನಂಬಲಾಗದು. ಲೋಹದ ಹೊಳಪಿನ ಗೆರೆಗಳಿರುವ ಅದಿರುಗಲ್ಲುಗಳನ್ನೂ ಬಿಡಬೇಕು. ಆರಿಸಿದ ಕಲ್ಲನ್ನು ಸೋಪು ಹಾಕದೆ ಬ್ರಷ್‌ನಿಂದ ಉಜ್ಜಿ, ಬಿಸಿನೀರು ಸುರಿದು ತೊಳೆದರೆ ಸಾಕು. ಒಲೆಯ ಮೇಲಿಟ್ಟು ಕುದಿಸಬಾರದು. ಒಳಗೆ ಸಿಕ್ಕ ನೀರು ಆವಿಯಾಗಿ ಕಲ್ಲು ಸಿಡಿಯಬಹುದು.

ತಳಕ್ಕೆ ಗುಂಡನೆಯ ಕಣಗಳ ಸಣ್ಣ ಮರಳು ಹೊಂದುತ್ತದೆ. ಕಟ್ಟಡಗಳಿಗೆ ಬಳಸುವ ಎಂ-ಸ್ಯಾಂಡ್ ಬಂಡೆಯನ್ನು ಪುಡಿ ಮಾಡಿದ್ದು. ಅದರ ಚೂಪು ಕಣಗಳು ಹೊಟ್ಟೆ ಒರಗಿಸಿ ಕೂರುವ ಮೀನಿಗೆ ಒಳ್ಳೆಯದಲ್ಲ.

ಪೇರಿಸುವ ಬಗೆ

120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಮತ್ತು ಎತ್ತರದ ತೊಟ್ಟಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಂಚಿನವರೆಗೆ ತುಂಬಿದರೆ 243 ಲೀಟರ್, ಎಂದರೆ ನೀರಿನ ತೂಕವೇ 243 ಕಿಲೊ. 50 ಕಿಲೊ ಗ್ರಾನೈಟ್ ಹಾಕಿದರೆ ಅದು ಸುಮಾರು 19 ಲೀಟರ್ ನೀರಿನ ಜಾಗ ಹಿಡಿಯುತ್ತದೆ. ಔಷಧಿಯ ಪ್ರಮಾಣ ಲೆಕ್ಕ ಹಾಕುವಾಗ ಈ ಕಡಿತವನ್ನು ಮರೆಯಬಾರದು. ನೀರಿನೊಳಗೆ 10 ಕಿಲೊ ಗ್ರಾನೈಟ್‌ನ ಭಾರ ಆರು ಕಿಲೊ ಚಿಲ್ಲರೆಗೆ ಇಳಿಯುತ್ತದೆ. ಹಾಗಾಗಿ ಗಾಜು ಒಡೆಯುವುದು ಕಲ್ಲಿನ ಒಟ್ಟು ಭಾರದಿಂದ ಎನ್ನುವುದಕ್ಕಿಂತ, ಚೂಪು ಮೂಲೆಯೊಂದು ಒಂದೇ ಬಿಂದುವಿನಲ್ಲಿ ಒತ್ತುವುದರಿಂದ ಅಥವಾ ಮೇಲಿನ ಕಲ್ಲು ಜಾರಿ ಬೀಳುವುದರಿಂದ.

ಆದ್ದರಿಂದ ಮೊದಲು ತೊಟ್ಟಿಯ ತಳಕ್ಕೆ ಪ್ಲಾಸ್ಟಿಕ್ ಜಾಲರಿ ಅಥವಾ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಅದರ ಮೇಲೆ ಅಗಲ ತಳದ ದೊಡ್ಡ ಕಲ್ಲುಗಳನ್ನು ಕೂರಿಸಬೇಕು. ಮರಳು ಸುರಿಯುವುದು ಆಮೇಲೆ. ಮರಳಿನ ಮೇಲೆ ಕಲ್ಲಿಟ್ಟರೆ ಮೀನು ಅಡಿಯ ಮರಳನ್ನು ತೋಡಿ ಇಡೀ ರಾಶಿಯನ್ನೇ ಅಲುಗಿಸುತ್ತದೆ. ಪ್ರತಿ ಕಲ್ಲೂ ಕನಿಷ್ಠ ಮೂರು ಕಡೆ ಊರಿ ನಿಲ್ಲಬೇಕು. ಕೈಯಿಂದ ತಳ್ಳಿದರೆ ಅಲ್ಲಾಡಬಾರದು. ಎತ್ತರಕ್ಕೆ ಹೋಗುವ ಕಲ್ಲುಗಳನ್ನು ಅಕ್ವೇರಿಯಂ ಸಿಲಿಕೋನ್‌ನಿಂದ ಬೆಸೆಯಬಹುದು. ಶಿಲೀಂಧ್ರನಾಶಕ ಬೆರೆತ ಬಾತ್‌ರೂಮ್ ಸಿಲಿಕೋನ್ ವಿಷಕಾರಿ. ಸ್ಲೇಟಿನ ಚಪ್ಪಡಿಗಳ ನಡುವೆ 2ರಿಂದ 5 ಸೆಂ.ಮೀ.ವರೆಗಿನ ಬೇರೆ ಬೇರೆ ದಪ್ಪದ ಚೂರುಗಳನ್ನು ಇಟ್ಟು ಅಂತಸ್ತು ಕಟ್ಟಿದರೆ ಶಿಂಗುವಿನ ಅಡ್ಡಬಿರುಕುಗಳ ರೂಪ ಬರುತ್ತದೆ. ರಾಶಿಯನ್ನು ಹಿಂಬದಿಯ ಗಾಜಿಗೆ ಒರಗಿಸದೆ ಒಂದು ಅಂಗೈಯಷ್ಟು ಜಾಗ ಬಿಟ್ಟರೆ ಅಲ್ಲೂ ನೀರು ಹರಿಯುತ್ತದೆ, ಸೈಫನ್ ಪೈಪು ಇಳಿಯುತ್ತದೆ.

ಗವಿಯ ಅಳತೆ

ಮೊಟ್ಟೆಯಿಡುವ ಗವಿ ಮೀನಿಗೆ ಬಿಗಿಯಾಗಿರಬೇಕು. ಗಂಡು ಒಳಗೆ ಎದೆಯ ರೆಕ್ಕೆಗಳನ್ನು ಚಾಚಿದಾಗ ಅವು ಎರಡೂ ಗೋಡೆಗೆ ತಾಗುವಷ್ಟು ಅಗಲ, ಬೆನ್ನಿನ ರೆಕ್ಕೆ ಮಡಚಿದಾಗ ತಲೆಯ ಮೇಲೆ ಸ್ವಲ್ಪವೇ ಜಾಗ ಉಳಿಯುವಷ್ಟು ಎತ್ತರ, ಮೈಯುದ್ದದ ಒಂದೂವರೆ ಪಟ್ಟು ಆಳ ಎಂಬುದು ಸಾಕಣೆಯವರಲ್ಲಿ ರೂಢಿಯಾಗಿರುವ ಲೆಕ್ಕ. 8 ಸೆಂ.ಮೀ. ಉದ್ದದ ಜೀಬ್ರಾ ಗಂಡಿಗೆ 12 ಸೆಂ.ಮೀ. ಆಳ, 3.5ರಿಂದ 4 ಸೆಂ.ಮೀ. ಅಗಲ, 3 ಸೆಂ.ಮೀ. ಎತ್ತರದ ಗವಿ ಸಾಕು. 12 ಸೆಂ.ಮೀ. ಉದ್ದದ ಅನ್ಸಿಸ್ಟ್ರಸ್‌ಗೆ, ಎಂದರೆ ಬ್ರಿಸಲ್‌ನೋಸ್ ಪ್ಲೆಕೊಗೆ, 18 ಸೆಂ.ಮೀ. ಆಳ, 5ರಿಂದ 6 ಸೆಂ.ಮೀ. ಅಗಲ ಬೇಕು. ಗವಿಯ ಒಂದು ತುದಿ ಮುಚ್ಚಿರಬೇಕು. ಎರಡೂ ಕಡೆ ಬಾಯಿದ್ದರೆ ಗಂಡು ಒಂದನ್ನು ಕಾಯುವಾಗ ಇನ್ನೊಂದರಿಂದ ಮೊಟ್ಟೆಗಳ್ಳರು ನುಗ್ಗುತ್ತಾರೆ.

ಮೊಟ್ಟೆಯ ಗವಿಗಳಲ್ಲದೆ ಹಗಲು ಅಡಗಲು ಎರಡೂ ಕಡೆ ತೆರೆದ ಸಂದುಗಳು ಬೇರೆಯೇ ಬೇಕು. ಗವಿಗಳ ಸಂಖ್ಯೆ ಗಂಡುಗಳ ಸಂಖ್ಯೆಗಿಂತ ಹೆಚ್ಚಿರಬೇಕು. ಬಾಯಿಗಳು ಎದುರುಬದುರು ಇರಬಾರದು. ಒಂದರ ಬಾಯಿಂದ ಇನ್ನೊಂದು ಕಾಣದಂತೆ ನಡುವೆ ಕಲ್ಲಿಟ್ಟರೆ ಜಗಳ ಕಡಿಮೆಯಾಗುತ್ತದೆ.

ಗವಿಗೆ ಸುಟ್ಟಮಣ್ಣು ಚೆನ್ನಾಗಿ ಒಗ್ಗುತ್ತದೆ. ಕುಂಬಾರರಿಂದ ಅಳತೆ ಕೊಟ್ಟು ಒಂದು ತುದಿ ಮುಚ್ಚಿದ ಕೊಳವೆಗಳನ್ನು ಮಾಡಿಸಬಹುದು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಹೆಂಚಿನ ಉದ್ಯಮದಿಂದ ಮನೆಮನೆಗೂ ಬಂದ ಮಂಗಳೂರು ಹೆಂಚಿನ ತುಂಡುಗಳೂ ಸಂದು ಕಟ್ಟಲು ಉಪಯೋಗಕ್ಕೆ ಬರುತ್ತವೆ. ಬಣ್ಣವಾಗಲಿ ಮೆರುಗಿನ ಲೇಪವಾಗಲಿ ಇರಬಾರದು. ಮಣ್ಣಿನ ಕೊಳವೆಯನ್ನು ಕಲ್ಲುಗಳ ನಡುವೆ ಹುದುಗಿಸಿ ಬಾಯಿ ಮಾತ್ರ ಕಾಣುವಂತೆ ಮಾಡಿದರೆ ತೊಟ್ಟಿಯ ಸಹಜ ನೋಟ ಕೆಡುವುದಿಲ್ಲ. ಬೇಕೆಂದಾಗ ಮೀನಿನ ಸಮೇತ ಕೊಳವೆಯನ್ನೇ ಹೊರತೆಗೆಯಬಹುದು. ಬಲೆಯಲ್ಲಿ ಹಿಡಿದರೆ ಮುಳ್ಳುಗಳು ಸಿಕ್ಕಿಕೊಳ್ಳುವುದರಿಂದ ಈ ಅನುಕೂಲ ಸಣ್ಣದೇನಲ್ಲ.

ಹರಿವು ಮತ್ತು ನೀರು

ಬಿಸಿ ಹೆಚ್ಚಿದಷ್ಟೂ ನೀರಿನಲ್ಲಿ ಆಮ್ಲಜನಕ ಕರಗುವುದು ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಹಿಡಿಯುವುದು 7.5 ಮಿಲಿಗ್ರಾಂ ಮಾತ್ರ. ಶಿಂಗುವಿನ ಮೀನುಗಳಿಗೆ ಬಿಸಿಯೂ ಬೇಕು, ಆಮ್ಲಜನಕವೂ ಬೇಕು. ನದಿಯಲ್ಲಿ ಆ ಕೊರತೆಯನ್ನು ಧುಮುಕುವ ನೀರು ತುಂಬಿಕೊಡುತ್ತದೆ. ತೊಟ್ಟಿಯಲ್ಲಿ ಪಂಪು ಮತ್ತು ಗಾಳಿಕಲ್ಲು ಆ ಕೆಲಸ ಮಾಡಬೇಕು. ಗಂಟೆಗೆ ತೊಟ್ಟಿಯ ನೀರಿನ ಹತ್ತು ಪಟ್ಟು ಅಥವಾ ಇನ್ನೂ ಹೆಚ್ಚು ನೀರು ಸುತ್ತುವಂತೆ ಪಂಪುಗಳನ್ನು ಆರಿಸುವುದು ವಾಡಿಕೆ. ವಿದ್ಯುತ್ ಹೋದಾಗ ಈ ಮೀನುಗಳಿಗೆ ಮೊದಲು ತಟ್ಟುವುದು ಉಸಿರಿನ ತೊಂದರೆ. ಆದ್ದರಿಂದ ಯುಪಿಎಸ್‌ಗೆ ಜೋಡಿಸಿದ ಏರ್ ಪಂಪು ಇರಲೇಬೇಕು. ಅನ್ಸಿಸ್ಟ್ರಸ್, ಹೈಪೊಸ್ಟೋಮಸ್‌ನಂಥ ಕೆಲವು ಪಂಗಡಗಳು ಮೇಲೆ ಬಂದು ಗಾಳಿ ನುಂಗಿ ಜಠರದ ಮೂಲಕ ಆಮ್ಲಜನಕ ಹೀರಬಲ್ಲವು, ಆದರೆ ಅದನ್ನೇ ನಂಬಿ ಕೂರಲಾಗದು.

ಹರಿವು ಒಂದೇ ದಿಕ್ಕಿಗೆ ಸಾಗಬೇಕೆಂದರೆ ‘ರಿವರ್ ಮ್ಯಾನಿಫೋಲ್ಡ್’ ಎಂಬ ಏರ್ಪಾಡು ಮಾಡುತ್ತಾರೆ. ಒಂದು ತುದಿಯಲ್ಲಿ ಸ್ಪಾಂಜ್ ಕಟ್ಟಿದ ಹೀರುಬಾಯಿ, ಮರಳಿನಡಿ ಹಾದುಹೋಗುವ ಪಿವಿಸಿ ಪೈಪು, ಇನ್ನೊಂದು ತುದಿಯಲ್ಲಿ ನೀರು ಚಿಮ್ಮುವ ಪವರ್‌ಹೆಡ್. ನೀರು ಮೇಲೆ ಒಂದು ದಿಕ್ಕಿಗೆ ಹರಿದು, ಅಡಿಯ ಪೈಪಿನಲ್ಲಿ ಮರಳುತ್ತದೆ. ಕಸ ಹೀರುಬಾಯಿಯ ಬಳಿ ಬಂದು ಸೇರುತ್ತದೆ. ಕಲ್ಲುರಾಶಿಯ ಹಿಂದೆ ನೀರು ನಿಂತುಹೋದರೆ ಹಿಕ್ಕೆ ಕೊಳೆತು ನೈಟ್ರೇಟ್ ಏರುತ್ತದೆ, ಸಂದಿನೊಳಗಿನ ಮೀನಿಗೆ ಮೊದಲು ಅದರ ಬಿಸಿ ತಟ್ಟುತ್ತದೆ. ಗವಿಯ ಬಾಯಿಗೆ ನೇರವಾಗಿ ರಭಸ ಹೊಡೆಯದೆ ಪಕ್ಕದಿಂದ ಸವರಿಹೋಗುವಂತೆ ಪಂಪನ್ನು ತಿರುಗಿಸಬೇಕು.

ನೀರು ಮೆದುವಾಗಿದ್ದು ಪಿಎಚ್ 6ರಿಂದ 7ರ ಒಳಗಿದ್ದರೆ ಹೆಚ್ಚಿನ ಜಾತಿಗಳಿಗೆ ಹಿತ. ಬೆಂಗಳೂರಿನಂಥ ಊರುಗಳ ಬೋರ್‌ವೆಲ್ ನೀರು ಗಡಸಾಗಿರುವುದರಿಂದ ಆರ್‌ಒ ನೀರನ್ನು ಬೆರೆಸಬೇಕಾಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆದೇ ಹಾಕಬೇಕು. ವಾರಕ್ಕೊಮ್ಮೆ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ನೀರು ಬದಲಿಸುವುದು ಸಾಮಾನ್ಯ ಕ್ರಮ.

ಬೆಳಕು ಮತ್ತು ಮೇವು

ಮಂದ ಬೆಳಕಿನಲ್ಲಿ ಮೀನುಗಳು ಹಗಲಲ್ಲೂ ಹೊರಬರುತ್ತವೆ. ಒಂದು ಬದಿಯ ಕಲ್ಲುಗಳ ಮೇಲೆ ಮಾತ್ರ ಹೆಚ್ಚು ಬೆಳಕು ಬೀಳುವಂತೆ ಮಾಡಿದರೆ ಅಲ್ಲಿ ಪಾಚಿ ಬೆಳೆದು ಮೇಯುವ ಜಾತಿಗಳಿಗೆ ಮೇವಿನ ನೆಲೆಯಾಗುತ್ತದೆ, ಮಿಕ್ಕ ಭಾಗ ನೆರಳಾಗಿ ಉಳಿಯುತ್ತದೆ. ಗಿಡಗಳಲ್ಲಿ ಕಲ್ಲಿಗೆ ಕಟ್ಟಿ ಬೆಳೆಸಬಹುದಾದ ಅನುಬಿಯಾಸ್, ಜಾವಾ ಫರ್ನ್ ಹೊಂದುತ್ತವೆ. ಅವು ಆಫ್ರಿಕ ಮತ್ತು ಏಷ್ಯಾದವು. ಮೂಲನೆಲೆಯನ್ನು ಕಟ್ಟುನಿಟ್ಟಾಗಿ ಅನುಸರಿಸುವವರು ಅವನ್ನು ಹಾಕುವುದಿಲ್ಲ.

ಎಲ್ಲ ಪ್ಲೆಕೊಗಳೂ ಪಾಚಿ ತಿಂದು ತೊಟ್ಟಿ ಶುಚಿ ಮಾಡುತ್ತವೆ ಎಂಬ ನಂಬಿಕೆ ತಪ್ಪು. ಜೀಬ್ರಾ ಮತ್ತು ಅದರ ಬಂಧುಗಳಿಗೆ ಮಾಂಸಾಹಾರ ಬೇಕು: ಸೀಗಡಿ, ರಕ್ತಹುಳು, ಮುಳುಗುವ ಗುಳಿಗೆಗಳು. ಅನ್ಸಿಸ್ಟ್ರಸ್‌ಗೆ ಸೌತೆಕಾಯಿ, ಬೇಯಿಸಿದ ಪಾಲಕ್ ಸೇರುತ್ತವೆ. ಪನಾಕ್ ಪಂಗಡ ಮರ ಕೆರೆಯುತ್ತದೆ. ಆದರೆ ಅದು ಸೆಲ್ಯುಲೋಸ್ ಅನ್ನು ಸರಿಯಾಗಿ ಜೀರ್ಣಿಸಿಕೊಳ್ಳುವುದಿಲ್ಲ, ಕೊಳೆಯುತ್ತಿರುವ ಮರದ ಇತರ ಅಂಶಗಳಿಂದ ಬದುಕುತ್ತದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಇಂಥ ಮೀನಿಗೆ ಕಲ್ಲಿನ ಜೊತೆಗೆ ಕೊರಡೂ ಬೇಕು, ಹೊಟ್ಟು ಎಳೆಯಬಲ್ಲ ದೊಡ್ಡ ಫಿಲ್ಟರೂ ಬೇಕು.

ಗವಿಯಲ್ಲಿ ಸಂತಾನ

ಕಲ್ಲು-ಗವಿ ವಿನ್ಯಾಸ ಸರಿಯಾಗಿದೆ ಎನ್ನುವುದಕ್ಕೆ ಮರಿಗಳೇ ಸಾಕ್ಷಿ. ಗಂಡು ಗವಿಯೊಂದನ್ನು ಹಿಡಿದು, ಬಾಲದಿಂದ ಬೀಸಿ ಗುಡಿಸಿ, ಹೆಣ್ಣನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೆಲವು ಜಾತಿಗಳಲ್ಲಿ ಮೊಟ್ಟೆಯಿಡುವವರೆಗೆ ಅದನ್ನು ಹೊರಗೆ ಬಿಡುವುದೇ ಇಲ್ಲ. ಆಮೇಲೆ ಹೆಣ್ಣು ಹೋಗುತ್ತದೆ, ಗಂಡು ಉಳಿದು ರೆಕ್ಕೆ ಬೀಸುತ್ತ ಮೊಟ್ಟೆಗಳಿಗೆ ಹೊಸ ನೀರು ಆಡಿಸುತ್ತದೆ. ಗವಿ ತೀರ ಅಗಲವಾಗಿದ್ದರೆ ಈ ಬೀಸಣಿಗೆಯ ನೀರು ಮೊಟ್ಟೆಗೆ ತಲುಪದೆ ಬೂಷ್ಟು ಹಿಡಿಯುತ್ತದೆ. ಅನ್ಸಿಸ್ಟ್ರಸ್ ಹತ್ತಾರು ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಗೊಂಚಲಾಗಿ ಇಡುತ್ತದೆ. ಅವು ಐದಾರು ದಿನಗಳಲ್ಲಿ ಒಡೆಯುತ್ತವೆ. ಜೀಬ್ರಾ ಇಡುವುದು ಹತ್ತು-ಹದಿನೈದು ಮೊಟ್ಟೆ ಮಾತ್ರ. ಒಂದು ವಾರದಲ್ಲಿ ಮರಿ ಹೊರಬಂದರೂ ಮೊಟ್ಟೆಯ ಹಳದಿ ಭಂಡಾರದ ಚೀಲ ಕರಗುವವರೆಗೆ ಗವಿಯಲ್ಲೇ ಇರುತ್ತದೆ. ಮೊದಲು ಕೆಲವು ವಾರ ನೀರು ಬದಲಿಸುವುದನ್ನು ತಗ್ಗಿಸಿ, ಬಳಿಕ ತುಸು ತಂಪಾದ ಮೆದುನೀರನ್ನು ಹೆಚ್ಚಾಗಿ ಹಾಕಿ ಮಳೆಗಾಲದ ಅನುಭವ ತಂದರೆ ಮೀನುಗಳು ಮೊಟ್ಟೆಗೆ ಸಿದ್ಧವಾಗುತ್ತವೆ.

ಸಂರಕ್ಷಣೆ ಮತ್ತು ಹೊಣೆ

ಶಿಂಗುವಿನ ಬಂಡೆಸಂದುಗಳು ಇಂದು ಅಪಾಯದಲ್ಲಿವೆ. 2011ರಲ್ಲಿ ಕೆಲಸ ಶುರುವಾಗಿ 2016ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ, 11,233 ಮೆಗಾವಾಟ್ ಸಾಮರ್ಥ್ಯದ ಬೆಲೊ ಮೊಂಟೆ ಯೋಜನೆ ನದಿಯ ನೀರಿನ ಬಹುಪಾಲನ್ನು ಕಾಲುವೆಗೆ ತಿರುಗಿಸಿದೆ. ಇದರಿಂದ ವೋಲ್ಟಾ ಗ್ರಾಂಡೆಯ ಹರಿವು ತಗ್ಗಿದೆ. ಬೇರೆಲ್ಲೂ ಇಲ್ಲದ ಜೀಬ್ರಾ ಪ್ಲೆಕೊ ಇರುವುದು ಇಲ್ಲೇ. ಬ್ರೆಜಿಲ್ ಅದರ ರಫ್ತನ್ನು ನಿಷೇಧಿಸಿದೆ. ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದವಾದ ಸೈಟಿಸ್‌ನ 2022ರ ಸಮ್ಮೇಳನ ಅದನ್ನು ಎರಡನೆಯ ಅನುಬಂಧಕ್ಕೆ ಸೇರಿಸಿತು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಪ್ರಾಣಿಗಳ ವ್ಯಾಪಾರ ಮತ್ತು ಸಾಕಣೆಯನ್ನು ನಿಯಂತ್ರಣಕ್ಕೆ ತಂದಿದೆ.

ಇನ್ನೊಂದು ಬದಿಯ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅಂಗಡಿಯಲ್ಲಿ ಬೆರಳುದ್ದವಿದ್ದು 45 ಸೆಂ.ಮೀ.ವರೆಗೆ ಬೆಳೆಯುವ ಟೆರಿಗೊಪ್ಲಿಕ್ತಿಸ್ ಪಂಗಡದ ಸಕ್ಕರ್ ಮೀನುಗಳನ್ನು ಸಾಕಲಾರದೆ ಜನ ಕೆರೆಗೆ ಬಿಡುತ್ತಾರೆ. ದಕ್ಷಿಣ ಭಾರತದ ರಾಜ್ಯಗಳೂ ಸೇರಿ ದೇಶದ ಹಲವೆಡೆ ಇವು ಈಗ ನೆಲೆಯೂರಿವೆ. ತೊಟ್ಟಿಯಲ್ಲಿ ಗವಿ ಬಯಸುವ ಅದೇ ಸ್ವಭಾವದಿಂದ ಗಂಡುಗಳು ದಡದ ಜೇಡಿಮಣ್ಣಿನಲ್ಲಿ ಒಂದು ಮೀಟರಿನಷ್ಟು ಆಳದ ಬಿಲ ಕೊರೆಯುತ್ತವೆ, ಏರಿಗಳು ಸಡಿಲಗೊಳ್ಳುತ್ತವೆ. ಮೆಕ್ಸಿಕೊದ ಇನ್ಫಿಯರ್ನಿಯೊ ಜಲಾಶಯದಲ್ಲಿ ಇವುಗಳ ಹಾವಳಿಯಿಂದ ತಿಲಾಪಿಯ ಮೀನುಗಾರಿಕೆಗೆ ದೊಡ್ಡ ಪೆಟ್ಟು ಬಿತ್ತು. ಇವುಗಳಿಗೆ ಮನೆಯ ಕಲ್ಲು-ಗವಿ ತೊಟ್ಟಿ ಹೊಂದುವುದಿಲ್ಲ. ಹೊಸಬರು ಸುಮಾರು 12 ಸೆಂ.ಮೀ. ಬೆಳೆಯುವ ಅನ್ಸಿಸ್ಟ್ರಸ್‌ನಿಂದ ಆರಂಭಿಸುವುದು ಸೂಕ್ತ. ದುಬಾರಿ ಜಾತಿಗಳನ್ನು ಕೊಳ್ಳುವವರು ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು, ಕಾಗದಪತ್ರ ನೋಡಿ ಕೊಳ್ಳಬೇಕು. ಸಾಕಲಾಗದ ಮೀನನ್ನು ಅಂಗಡಿಗೋ ಇನ್ನೊಬ್ಬ ಸಾಕಣೆದಾರರಿಗೋ ಒಪ್ಪಿಸಬೇಕೇ ಹೊರತು ಯಾವ ಕೆರೆ, ಹೊಳೆ, ಬಾವಿಗೂ ಬಿಡಬಾರದು.